ಮೊದಲು ವಸ್ತು, ಆಮೇಲೆ ಪುಸ್ತಕ

(ವಸ್ತುಸಂಗ್ರಹಾಲಯಗಳಲ್ಲಿ ಸಾಹಿತ್ಯ ಕಾರ್ಯಕ್ರಮ ನಡೆಸುವ ಬಗ್ಗೆ ಮಡಿಕೇರಿಯಲ್ಲಿ ಓದುಗರು ಮತ್ತು ಶಿಕ್ಷಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸಾನ್ ಫ್ರಾನ್ಸಿಸ್ಕೋದ ಏಷ್ಯನ್ ಆರ್ಟ್ ಮ್ಯೂಸಿಯಮ್ ಇರುವ ಕಟ್ಟಡ ಮೊದಲು ಆ ಊರಿನ ಸಾರ್ವಜನಿಕ ಗ್ರಂಥಾಲಯವಾಗಿತ್ತು. 1917ರಲ್ಲಿ ಪುಸ್ತಕಗಳಿಗೆಂದೇ ಕಟ್ಟಿದ್ದು. 2003ರಲ್ಲಿ ಅದೇ ಗೋಡೆಗಳ ನಡುವೆ ಗಾಂಧಾರದ ಬುದ್ಧ, ಚೋಳರ ಕಂಚು, ಚೀನದ ಪಿಂಗಾಣಿ, ಜಪಾನಿನ ಪರದೆಗಳು ಬಂದು ನಿಂತವು. ಪುಸ್ತಕದ ಮನೆ ಕಲಾವಸ್ತುಗಳ ಮನೆಯಾಯಿತು. ಆದರೂ ಓದು, ಲೇಖಕರ ಜೊತೆ ಮಾತುಕತೆ, ಮಕ್ಕಳಿಗೆ ಕಥೆ ಹೇಳುವುದು ಇವೆಲ್ಲ ಅಲ್ಲಿ ಇಂದಿಗೂ ಇವೆ. ನಮ್ಮ ಮಡಿಕೇರಿ ಕೋಟೆಯೊಳಗಿನ ವಸ್ತುಸಂಗ್ರಹಾಲಯವೂ ಹೀಗೆ ಕೆಲಸ ಬದಲಿಸಿದ ಕಟ್ಟಡವೇ. ಬ್ರಿಟಿಷರ ಕಾಲದ ಸೇಂಟ್ ಮಾರ್ಕ್ಸ್ ಚರ್ಚು ಅದು. ಒಬ್ಬರು ನಿಂತು ಓದಿದರೆ ಹತ್ತಾರು ಜನ ಕೂತು ಕೇಳಬೇಕು ಎಂದೇ ಕಟ್ಟಿದ ಜಾಗ. ಅಂಥ ಕಡೆ ಕನ್ನಡದ, ಕೊಡವ ಭಾಷೆಯ, ಅರೆಭಾಷೆಯ ಲೇಖಕರನ್ನು ಕರೆಸಿ ಓದಿಸುವುದು ಹೇಗೆ ಎಂಬುದೇ ಇವತ್ತಿನ ವಿಷಯ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವಸ್ತುಸಂಗ್ರಹಾಲಯದ ಸಾಹಿತ್ಯ ಕಾರ್ಯಕ್ರಮ ಅಲ್ಲಿರುವ ಒಂದು ವಸ್ತುವಿನಿಂದ ಹುಟ್ಟಬೇಕು. ಪುಸ್ತಕ ಬಿಡುಗಡೆಗೆ ಜಾಗ ಬೇಕು, ಗ್ಯಾಲರಿ ಚೆನ್ನಾಗಿದೆ, ಫೋಟೋ ಚೆನ್ನಾಗಿ ಬರುತ್ತದೆ ಎಂಬಷ್ಟೇ ಕಾರಣವಿದ್ದರೆ ದಯವಿಟ್ಟು ಸಮುದಾಯ ಭವನಕ್ಕೆ ಹೋಗಿ. ಅಲ್ಲಿ ಕುರ್ಚಿ ಹೆಚ್ಚಿವೆ, ಊಟದ ಏರ್ಪಾಡು ಸಲೀಸು, ಯಾವ ಹಳೆಯ ವಸ್ತುವಿಗೂ ಅಪಾಯವಿಲ್ಲ.

ಏಷ್ಯಾದ ಕಲೆಯ ವಿಷಯದಲ್ಲಿ ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಈ ಖಂಡದಲ್ಲಿ ಬರಹವೂ ಚಿತ್ರವೂ ಬೇರೆಬೇರೆ ಮನೆಯಲ್ಲಿ ಬೆಳೆದವಲ್ಲ. ಸಂಗೀತದ ರಾಗಗಳನ್ನು ಚಿತ್ರವಾಗಿ ತೋರಿಸುವ ರಾಗಮಾಲಾ ಪಟವನ್ನು ನೋಡಿ: ಬಹಳಷ್ಟು ಪಟಗಳಲ್ಲಿ ಮೇಲಿನ ಪಟ್ಟಿಯಲ್ಲಿ ಪದ್ಯ, ಕೆಳಗೆ ಅದೇ ಪದ್ಯದ ನಾಯಿಕೆ, ಮಳೆ, ನವಿಲು. ಮೂಡಬಿದಿರೆಯಲ್ಲಿರುವ ಧವಳಾ ಎಂಬ ಜೈನ ಗ್ರಂಥದ ತಾಳೆಗರಿಗಳಲ್ಲಿ ಭಾಷೆ ಪ್ರಾಕೃತ, ಲಿಪಿ ಹಳೆಗನ್ನಡ, ನಡುವೆ ಬಣ್ಣದ ಚಿತ್ರಗಳು. ಅದು 12ನೇ ಶತಮಾನದ ಕೆಲಸ. ಚೀನದಲ್ಲಂತೂ ಓದುಗನೇ ಚಿತ್ರದ ಮೇಲೆ ಬರೆಯುತ್ತಿದ್ದ. ಹ್ವಾಂಗ್ ಗೊಂಗ್‌ವಾಂಗ್ 1350ರಲ್ಲಿ ಮುಗಿಸಿದ ಫೂಚುನ್ ಬೆಟ್ಟಗಳ ಸುರುಳಿಚಿತ್ರದ ಕಥೆ ನಿಮಗೆ ಗೊತ್ತಿರಬಹುದು. 18ನೇ ಶತಮಾನದ ಚಿಯೆನ್‌ಲುಂಗ್ ಚಕ್ರವರ್ತಿ ಅದರ ನಕಲೊಂದನ್ನು ಅಸಲಿ ಎಂದು ನಂಬಿ ಅದರ ತುಂಬ ಐವತ್ತಕ್ಕೂ ಹೆಚ್ಚು ಬರಹಗಳನ್ನು ಬರೆದ. ಆಮೇಲೆ ಕೈಗೆ ಬಂದ ಅಸಲಿಯನ್ನು ನಕಲು ಅಂದುಕೊಂಡ. ಹಾಗಾಗಿ ಅಸಲಿ ಅವನ ಮಸಿಯಿಂದ ಪಾರಾಯಿತು. ಲೇಖಕ, ಓದುಗ, ಚಿತ್ರಕಾರ ಮೂವರೂ ಒಂದೇ ಕಾಗದದ ಮೇಲೆ ಕೂಡುವ ಪರಂಪರೆ ಇದು.

ಇನ್ನೂ ಹಿಂದಕ್ಕೆ ಹೋದರೆ, ಸಾ.ಶ. 353ರಲ್ಲಿ ವಾಂಗ್ ಶೀಜಿ ಎಂಬ ಲಿಪಿಕಾರ ತನ್ನ ಗೆಳೆಯರನ್ನು ಲಾನ್‌ಟಿಂಗ್ ಎಂಬಲ್ಲಿ ಕಲೆಹಾಕಿದ. ಬಳುಕಿ ಹರಿಯುವ ತೊರೆಯ ಎರಡೂ ದಡದಲ್ಲಿ ಎಲ್ಲರೂ ಕೂತರು. ಮದ್ಯದ ಬಟ್ಟಲನ್ನು ನೀರಿನಲ್ಲಿ ತೇಲಿಬಿಟ್ಟರು. ಬಟ್ಟಲು ಯಾರ ಮುಂದೆ ನಿಲ್ಲುತ್ತದೋ ಅವರು ಪದ್ಯ ಕಟ್ಟಬೇಕು, ಇಲ್ಲವೇ ಕುಡಿಯಬೇಕು. ಅವತ್ತು 26 ಮಂದಿ 37 ಪದ್ಯ ಕಟ್ಟಿದರು. ವಾಂಗ್ ಶೀಜಿ ಅದಕ್ಕೆ ಬರೆದ ಮುನ್ನುಡಿ ಚೀನದ ಲಿಪಿಕಲೆಯ ಶಿಖರ ಎನಿಸಿಕೊಂಡಿತು. ಮೂಲ ಕಳೆದುಹೋಗಿದೆ, ನಕಲುಗಳಿವೆ. ಆ ಕೂಟದ ಚಿತ್ರವನ್ನು ಚೀನ, ಕೊರಿಯ, ಜಪಾನಿನ ಕಲಾವಿದರು ಶತಮಾನಗಳ ಕಾಲ ಬರೆದರು. ಅಂದರೆ ಸಾಹಿತ್ಯದ ಕೂಟವೇ ಕಲಾವಸ್ತುವಾಯಿತು. ಇಂಥ ವಸ್ತುವಿನ ಮುಂದೆ ಕವಿಗೋಷ್ಠಿ ಮಾಡುವವರು ಚಿತ್ರಕ್ಕೆ ಬೆನ್ನು ಹಾಕಿ ಕೂತರೆ ಏನು ಚಂದ?

ಆದ್ದರಿಂದ ಕೆಲಸದ ಕ್ರಮ ಹೀಗಿರಲಿ. ಮೊದಲು ವಸ್ತುವನ್ನು ಆರಿಸಿ. ಆಮೇಲೆ ಅದಕ್ಕೆ ಒಪ್ಪುವ ಬರಹ. ಆಮೇಲೆ ಅದನ್ನು ಓದಬಲ್ಲ ಲೇಖಕ ಅಥವಾ ಓದುಗ. ಜನ ಎಷ್ಟು ಎಂಬುದು ಕೊನೆಗೆ. ಸಾಮಾನ್ಯವಾಗಿ ನಾವು ಮಾಡುವುದು ತಿರುಗಾಮುರುಗಾ: ಅತಿಥಿಯ ದಿನಾಂಕ ಮೊದಲು, ಬ್ಯಾನರ್ ಆಮೇಲೆ, ವಸ್ತುವಿನ ನೆನಪು ಕಾರ್ಯಕ್ರಮದ ದಿನ.

ಹೊಂದಿಕೆ ಅಂದರೆ ವಿಷಯ ಒಂದೇ ಇರಬೇಕು ಎಂದಲ್ಲ. ವೀರಗಲ್ಲಿನ ಮುಂದೆ ಯುದ್ಧದ ಕಥೆಯನ್ನೇ ಓದಬೇಕಾಗಿಲ್ಲ. ಸತ್ತವನ ಮನೆಯಲ್ಲಿ ಉಳಿದವರ ಕಥೆ ಇನ್ನೂ ಚೆನ್ನಾಗಿ ನಾಟುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಕೊಡಗಿನ ಗೌರಮ್ಮ 1912ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡವರು, ಇಪ್ಪತ್ತೇಳಕ್ಕೇ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಅವರ ಕಥೆಗಳ ತುಂಬ ವಿಧವೆಯರು, ಬಿಟ್ಟುಹೋದ ಹೆಂಡಂದಿರು, ಬಾಯಿಬಿಡದ ಹೆಣ್ಣುಮಕ್ಕಳು. ಅವರ ಒಂದು ಕಥೆಯನ್ನು ಹಳೆಯ ಒಡವೆಗಳ ಗಾಜಿನ ಪೆಟ್ಟಿಗೆಯ ಮುಂದೆ ಓದಿಸಿ. ಪತ್ತಾಕ್, ಕೊಕ್ಕೆತಾತಿ ಎಂಬ ಕೊಡವ ಕೊರಳ ಒಡವೆಗಳು ಕಣ್ಣೆದುರು ಇರಲಿ. ಕೊಕ್ಕೆತಾತಿಯ ಅರ್ಧಚಂದ್ರವನ್ನು ನೋಡುತ್ತ ಆ ಕಥೆ ಕೇಳುವವರಿಗೆ ಒಡವೆ ಎಂದರೆ ಹೆಣ್ಣಿಗೆ ಏನು, ಅದನ್ನು ಬಿಚ್ಚಿಕೊಡುವುದು ಎಂದರೆ ಏನು ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ತೀರಿಕೊಂಡ ಲೇಖಕರ ಬರಹ ಓದಲು ಅನುಮತಿ ಬೇಕೇ ಎಂದು ಶಿಕ್ಷಕರು ಕೇಳುತ್ತಾರೆ. ನಮ್ಮ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷ ಹಕ್ಕುಸ್ವಾಮ್ಯ. ಗೌರಮ್ಮನವರ ಬರಹದ ಅವಧಿ ಎಂದೋ ಮುಗಿದಿದೆ, ಅದು ಈಗ ಎಲ್ಲರದು. ಬದುಕಿರುವ ಲೇಖಕರಾದರೆ ಓದಲು ಒಪ್ಪಿಗೆ ಬೇರೆ, ಧ್ವನಿಮುದ್ರಣಕ್ಕೆ ಬೇರೆ, ಅನುವಾದವಾದರೆ ಅನುವಾದಕರ ಒಪ್ಪಿಗೆ ಬೇರೆ. ಮೂರನ್ನೂ ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ.

ಇನ್ನು ಜನರ ಲೆಕ್ಕ. ಅದನ್ನು ವಸ್ತುವೇ ಹೇಳುತ್ತದೆ. ಚೀನದ ಸುರುಳಿಚಿತ್ರವನ್ನು ಬಲದಿಂದ ಎಡಕ್ಕೆ, ಒಂದು ಸಲಕ್ಕೆ ಒಂದು ಮಾರಿನಷ್ಟೂ ಇಲ್ಲದ ಉದ್ದ ಬಿಚ್ಚಿ ಓದುತ್ತಿದ್ದರು. ಮೂರು ನಾಲ್ಕು ಜನ ತಲೆಗೆ ತಲೆ ಸೇರಿಸಿ ನೋಡುವ ವಸ್ತು ಅದು. ಅಂಗೈ ಎರಡರಷ್ಟಗಲದ ಕಿರುಚಿತ್ರಕ್ಕೆ ಹನ್ನೆರಡು ಜನ ಸಾಕು, ಹೆಚ್ಚೆಂದರೆ ಹದಿನೈದು. ಆಳೆತ್ತರದ ವೀರಗಲ್ಲಿಗೆ ಅರವತ್ತು ಜನ ಕೂತರೂ ಹಿಂದಿನವರಿಗೆ ಕಾಣುತ್ತದೆ. ಕೂರುವ ಜಾಗಕ್ಕೆ ತಲೆಗೆ ಒಂದು ಚದರ ಮೀಟರ್ ಇಟ್ಟುಕೊಂಡು, ಅದರ ಮೇಲೆ ಓಡಾಟದ ದಾರಿಗೆ 1.2 ಮೀಟರ್ ಅಗಲ ಬಿಡಿ. ಯಾರ ಬೆನ್ನೂ ಯಾವ ಗಾಜಿನ ಪೆಟ್ಟಿಗೆಗೂ ಒಂದು ಮೀಟರಿಗಿಂತ ಹತ್ತಿರ ಇರಬಾರದು. ಹೆಗಲ ಚೀಲಗಳನ್ನು ಬಾಗಿಲಲ್ಲೇ ಇಳಿಸಿ. ಗಾಜಿಗೆ, ಮೂರ್ತಿಗೆ ತಾಗುವುದು ಹೆಚ್ಚಾಗಿ ಮನುಷ್ಯರಲ್ಲ, ಅವರು ತಿರುಗಿದಾಗ ಹಿಂದಿನಿಂದ ಬೀಸುವ ಚೀಲ.

ಬೆಳಕಿನ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು, ಯಾಕೆಂದರೆ ಹೆಚ್ಚು ಹಾನಿ ಆಗುವುದು ಇಲ್ಲಿಯೇ, ಅದೂ ಕಣ್ಣಿಗೆ ಕಾಣದ ಹಾಗೆ. ಕಾಗದ, ಬಟ್ಟೆ, ತಾಳೆಗರಿ, ಜಲವರ್ಣದ ವಸ್ತುಗಳಿಗೆ ಸಾಮಾನ್ಯ ಮಿತಿ 50 ಲಕ್ಸ್ (ಲಕ್ಸ್ ಅಂದರೆ ಮೇಲ್ಮೈಗೆ ಬೀಳುವ ಬೆಳಕಿನ ಅಳತೆ). ಹೊರಗಿನಿಂದ ಬಂದವರಿಗೆ ಮೊದಲ ಎರಡು ನಿಮಿಷ ಕತ್ತಲೆ ಅನ್ನಿಸುವಷ್ಟು ಮಂದ ಬೆಳಕು ಅದು. ಬೆಳಕಿನ ಹಾನಿ ಕೂಡುತ್ತ ಹೋಗುತ್ತದೆ, ವಾಪಸ್ ಬರುವುದಿಲ್ಲ. ವಿಡಿಯೊದವರು ತಂದ ದೀಪದಿಂದ ಚಿತ್ರದ ಮೇಲೆ 1000 ಲಕ್ಸ್ ಬಿದ್ದು ಎರಡು ಗಂಟೆ ಉರಿಯಿತು ಅನ್ನಿ. ಅದು 2000 ಲಕ್ಸ್-ಗಂಟೆ. 50 ಲಕ್ಸಿನಲ್ಲಿ ದಿನಕ್ಕೆ ಎಂಟು ಗಂಟೆ ತೆರೆದಿಟ್ಟರೆ ಐದು ದಿನಕ್ಕೆ ಬೀಳುವ ಬೆಳಕು ಒಂದೇ ಸಂಜೆಗೆ ಬಿತ್ತು. ಚಿತ್ರದ ಆಯುಷ್ಯದಿಂದ ಐದು ದಿನ ತೆಗೆದು ಒಂದು ವಿಡಿಯೊಗೆ ಕೊಟ್ಟ ಹಾಗಾಯಿತು.

ಆದರೆ 50 ಲಕ್ಸಿನಲ್ಲಿ ಅರವತ್ತು ದಾಟಿದ ಲೇಖಕರಿಗೆ ಪುಟ ಕಾಣುವುದಿಲ್ಲ. ಹೀಗಾಗಿ ಯಾರೋ ಪಾಪ ನೋಡಲಾರದೆ ಗ್ಯಾಲರಿಯ ದೀಪಗಳನ್ನೆಲ್ಲ ಹಾಕಿಬಿಡುತ್ತಾರೆ. ಪರಿಹಾರ ಸಣ್ಣದು. ಓದುಪೀಠದ ಮೇಲೆ ಬಾಗಿದ ಕತ್ತಿನ ಪುಟ್ಟ ಎಲ್ಇಡಿ ದೀಪ. ಅದರ ಬಾಯಿಗೆ ಮೂರು ಕಡೆ ಕಪ್ಪು ರಟ್ಟಿನ ಮರೆ ಕಟ್ಟಿ, ಬೆಳಕು ಪುಟದ ಮೇಲೆ ಮಾತ್ರ ಬೀಳಲಿ. ಓದುಪೀಠವನ್ನು ವಸ್ತುವಿನಿಂದ ಎರಡು ಮೀಟರ್ ದೂರ, ಓರೆಯಾಗಿ ಇಡಿ. ಪುಟವನ್ನು 18 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಅಂತರ ಬಿಟ್ಟು, ಹೊಳಪಿಲ್ಲದ ಕಾಗದದಲ್ಲಿ ಒಂದೇ ಮಗ್ಗುಲಿಗೆ ಅಚ್ಚು ಹಾಕಿಸಿ. ಹೊಳಪಿನ ಕಾಗದದಲ್ಲಿ ದೀಪ ಪ್ರತಿಫಲಿಸಿ ಅಕ್ಷರ ಮುಚ್ಚಿಹೋಗುತ್ತದೆ. ಪುಸ್ತಕವನ್ನೇ ಹಿಡಿದು ಓದುತ್ತೇನೆ ಎನ್ನುವ ಲೇಖಕರೂ ಈ ಹಾಳೆ ನೋಡಿದ ಮೇಲೆ ಮನಸ್ಸು ಬದಲಿಸುತ್ತಾರೆ.

ಕಲ್ಲಿಗೆ ಈ ಕಟ್ಟುಪಾಡು ಇಲ್ಲ. ವೀರಗಲ್ಲಿಗೆ ಬೆಳಕು ಬೇಕೇ ಬೇಕು, ಆದರೆ ಎದುರಿನಿಂದ ಅಲ್ಲ. ಎದುರಿನ ಬೆಳಕಿನಲ್ಲಿ ಸವೆದ ಶಿಲ್ಪ ಸಪಾಟಾಗಿ ಕಾಣುತ್ತದೆ. ಕೋಣೆಯ ದೀಪ ಆರಿಸಿ, ಒಂದು ಟಾರ್ಚನ್ನು ಕಲ್ಲಿನ ಮಗ್ಗುಲಲ್ಲಿ ಹಿಡಿದು, ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಓರೆ ಮಾಡಿ. ಇಡೀ ದಿನ ಬರಿ ಕಲ್ಲು ಅನ್ನಿಸಿದ್ದರ ಮೇಲೆ ಕುದುರೆಯ ಕಾಲು, ಬಾಗಿದ ಬಿಲ್ಲು, ಸವೆದ ಅಕ್ಷರದ ತಲೆಕಟ್ಟು ಒಂದೊಂದಾಗಿ ಏಳುತ್ತವೆ. ಮೂರು ಅಂಕಣದ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಕೈಲಾಸ. ಟಾರ್ಚು ಹಿಡಿದವರು ಲೇಖಕರ ಓದಿನ ಜೊತೆಗೇ ಮೆಲ್ಲನೆ ಕೆಳಗಿನಿಂದ ಮೇಲಕ್ಕೆ ಸರಿಸಿಕೊಂಡು ಹೋಗಲಿ. ಶಾಸನವಿದ್ದರೆ ಅದರ ಅಚ್ಚಾದ ಪಾಠ ಓದುಗರ ಕೈಯಲ್ಲಿರಲಿ. ಬಿ. ಎಲ್. ರೈಸ್ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಮೊದಲ ಸಂಪುಟವೇ ಕೊಡಗಿನ ಶಾಸನಗಳದು, 1886ರದು. ನಮ್ಮ ಜಿಲ್ಲೆಯಿಂದಲೇ ಆ ದೊಡ್ಡ ಕೆಲಸ ಶುರುವಾಯಿತು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಈಗ ತೇವ. ಕೊಡಗಿನವರಿಗೆ ತೇವದ ಬಗ್ಗೆ ಹೇಳುವುದೇನಿದೆ, ಜುಲೈಯಲ್ಲಿ ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಆದರೆ ಜನರೇ ತೇವ ತರುತ್ತಾರೆ ಎಂಬುದು ಮರೆತುಹೋಗುತ್ತದೆ. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಶಾಖ, ಗಂಟೆಗೆ ಸುಮಾರು 50 ಗ್ರಾಂ ನೀರಾವಿ ಹೊರಬರುತ್ತದೆ. ನಲವತ್ತು ಜನ ಒಂದು ಗಂಟೆ ಕೂತರೆ ಎರಡು ಲೀಟರ್ ನೀರನ್ನು ಗ್ಯಾಲರಿಯ ಗಾಳಿಗೆ ಸುರಿದ ಹಾಗೆ. ಇದರ ಮೇಲೆ ಒದ್ದೆ ಕೊಡೆ, ಒದ್ದೆ ರೇನ್‌ಕೋಟ್, ಕೆಸರಿನ ಚಪ್ಪಲಿ. ತೇವ 65 ಶೇಕಡಾ ದಾಟಿ ಹಲವು ದಿನ ನಿಂತರೆ ತಾಳೆಗರಿ, ಬಟ್ಟೆ, ಮರಕ್ಕೆ ಬೂಷ್ಟು ಶುರು. ಕಂಚು ಗಟ್ಟಿ ಎಂದು ನಂಬಬೇಡಿ. ಮೂರ್ತಿಯ ಸಂದಿಯಲ್ಲಿ ತಿಳಿಹಸಿರು ಪುಡಿ ಕಾಣಿಸಿದರೆ ಲೋಹದೊಳಗೆ ಉಪ್ಪು ಕೂತಿದೆ ಎಂದರ್ಥ, ತೇವ ಏರಿದಷ್ಟೂ ಅದು ಕೊರೆಯುತ್ತದೆ. ಗೋಡೆಗೆ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತೂಗುಹಾಕಿ. ಬಾಗಿಲು ತೆರೆಯುವ ಮುಂಚೆ, ನಡುವೆ, ಮುಗಿದ ಮೇಲೆ ನೋಡಿ ಬರೆದಿಡಿ. ಶುರುವಿನ ಅಂಕಿಗಿಂತ 5ಕ್ಕೂ ಹೆಚ್ಚು ಏರಿದರೆ ಮುಂದಿನ ಸಲ ಜನ ಕಡಿಮೆ ಮಾಡಿ, ಇಲ್ಲವೇ ಸಮಯ ಕಡಿಮೆ ಮಾಡಿ.

ಆದ್ದರಿಂದ ಇಲ್ಲಿಯ ಕ್ಯಾಲೆಂಡರ್ ಮಳೆಯನ್ನೂ ತೋಟವನ್ನೂ ನೋಡಿ ಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಲ್ಲಿನ ಮುಂದೆ ಮಾತ್ರ, ಸಣ್ಣ ಕೂಟ. ಕೊಡವರ ಆಯುಧಪೂಜೆ ಕೈಲ್‌ಪೊಳ್ದ್ ಕಳೆದು ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನ ಕಾವೇರಿ ಸಂಕ್ರಮಣದ ಗಡಿಬಿಡಿ ಮುಗಿದು ಸುಗ್ಗಿಹಬ್ಬ ಹುತ್ತರಿ ಬರುವ ಮುಂಚಿನ ವಾರಗಳು ಒಳ್ಳೆಯವು. ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಕೊಯ್ಲು, ತೋಟದವರು ಯಾರೂ ಬರಲಾರರು. ಬಂದರೂ ಮನಸ್ಸು ಕಣದಲ್ಲಿರುತ್ತದೆ. ಬಟ್ಟೆ, ತಾಳೆಗರಿ, ಕಿರುಚಿತ್ರಗಳ ಮುಂದೆ ಓದಬೇಕಾದದ್ದನ್ನು ಮಾರ್ಚ್‌ಗೆ ಇಟ್ಟುಕೊಳ್ಳಿ. ಸಂಜೆ ನಾಲ್ಕಕ್ಕೆ ಶುರು ಮಾಡಿ ಐದೂಕಾಲಿಗೆ ಮುಗಿಸಿದರೆ ನಾಪೋಕ್ಲು, ಸೋಮವಾರಪೇಟೆ ಕಡೆಯಿಂದ ಬಂದವರು ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬಹುದು.

ಅನುಮತಿಗೆ ಹೆಚ್ಚು ಸಮಯ ಇಟ್ಟುಕೊಳ್ಳಿ. ಸ್ಮಾರಕದೊಳಗಿನ ಸಂಗ್ರಹವಾದರೆ ಕಟ್ಟಡ ಒಂದು ಇಲಾಖೆಯ ಕೈಯಲ್ಲಿ, ವಸ್ತುಗಳು ಇನ್ನೊಂದರ ಕೈಯಲ್ಲಿ ಇರಬಹುದು. ಅರ್ಜಿಯಲ್ಲಿ ಜನರ ಸಂಖ್ಯೆ, ಸಮಯ, ಯಾವ ವಸ್ತುವಿನ ಮುಂದೆ, ಯಾವ ವಿದ್ಯುತ್ ಸಾಮಾನು ಎಂಬುದನ್ನೆಲ್ಲ ಬರೆದರೆ ಒಪ್ಪಿಗೆ ಸುಲಭ. ‘ಸಾಹಿತ್ಯ ಕಾರ್ಯಕ್ರಮ’ ಎಂದಷ್ಟೇ ಬರೆದರೆ ಅಧಿಕಾರಿಗಳಿಗೆ ಕಾಣುವುದು ಶಾಮಿಯಾನ ಮತ್ತು ಧ್ವನಿವರ್ಧಕ.

ಮತ್ತೊಂದು ವಿಷಯ ಹೇಳಿದರೆ ಕೆಲವರಿಗೆ ಬೇಸರವಾಗಬಹುದು. ದೀಪ ಬೆಳಗುವುದು, ಹಾರ ತುರಾಯಿ, ಶಾಲು ಪೇಟ ಇವು ಗ್ಯಾಲರಿಯ ಒಳಗೆ ಬೇಡ. ಎಣ್ಣೆದೀಪದ ಮಸಿ ಬಣ್ಣದ ಮೇಲೆ ಕೂತರೆ ತೆಗೆಯಲು ತಜ್ಞರೇ ಬರಬೇಕು. ಹೂವಿನಲ್ಲಿ ನೀರೂ ಇದೆ, ಹುಳುವೂ ಇದೆ. ತಿಂಡಿಯ ಚೂರು ಬಿದ್ದ ಕಡೆ ಇರುವೆ ಮೊದಲು, ಆಮೇಲೆ ಜಿರಳೆ, ಕೊನೆಗೆ ಕಾಗದ ತಿನ್ನುವ ಬೆಳ್ಳಿಹುಳು. ದೀಪ ಹಚ್ಚಲೇಬೇಕು ಎಂದರೆ ಹೊರಗಿನ ಅಂಗಳದಲ್ಲಿ ಹಚ್ಚಿ, ಕಾಫಿಯೂ ಅಲ್ಲೇ. ಇದರಲ್ಲಿ ಇನ್ನೊಂದು ಲಾಭವಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಅಧ್ಯಕ್ಷರ ನುಡಿ, ವಂದನಾರ್ಪಣೆ ಸೇರಿ ಐವತ್ತು ನಿಮಿಷ ತಿನ್ನುತ್ತವೆ. ಲೇಖಕರಿಗೆ ಉಳಿಯುವುದು ಹದಿನೈದು. ಗ್ಯಾಲರಿಯಲ್ಲಿ ನಿಲ್ಲಿಸಿ ವಸ್ತುವನ್ನು ಹತ್ತು ನಿಮಿಷ ತೋರಿಸಿ, ಇಪ್ಪತ್ತು ನಿಮಿಷ ಓದಿಸಿ, ಇಪ್ಪತ್ತು ನಿಮಿಷ ಮಾತಾಡಿಸಿ, ಹದಿನೈದು ನಿಮಿಷ ಜನರಿಗೆ ಬಿಡಿ. ಸಾಮಾನ್ಯ ಗಾತ್ರದ ಪುಸ್ತಕದ ಮೂರು ಪುಟ ಗಟ್ಟಿಯಾಗಿ ಓದಲು ಏಳೆಂಟು ನಿಮಿಷ ಬೇಕು. ಇಪ್ಪತ್ತು ನಿಮಿಷಕ್ಕೆ ಎಂಟು ಪುಟ ದಾಟಬೇಡಿ. ಮೊದಲ ಹತ್ತು ನಿಮಿಷ ವಸ್ತುವನ್ನು ತೋರಿಸುವಾಗ ಯಾರೂ ಕೂರುವುದು ಬೇಡ. ಒಮ್ಮೆ ಕೂತವರು ಮತ್ತೆ ಎದ್ದು ಹತ್ತಿರ ಹೋಗಿ ನೋಡುವುದಿಲ್ಲ.

ಧ್ವನಿಯ ವಿಷಯ. ಕಲ್ಲುಗೋಡೆ, ಎತ್ತರದ ಸೂರು ಇದ್ದ ಕಡೆ ಮಾತು ಸುತ್ತಿ ಸುತ್ತಿ ಬರುತ್ತದೆ. ಕೇಳುತ್ತಿಲ್ಲ ಎಂದು ವಾಲ್ಯೂಮ್ ಏರಿಸಿದಷ್ಟೂ ಕಲಸಿಹೋಗುತ್ತದೆ. ಒಂದು ದೊಡ್ಡ ಸ್ಪೀಕರ್ ಬದಲು ಎರಡು ಸಣ್ಣವನ್ನು ಕೇಳುಗರ ಕಿವಿಯ ಎತ್ತರಕ್ಕೆ, ಮಧ್ಯದ ಸಾಲಿನ ಅಕ್ಕಪಕ್ಕ ಇಟ್ಟು ಮೆಲ್ಲಗೆ ಇಡಿ. ನೆಲಕ್ಕೆ ಜಮಖಾನ ಹಾಸಿ. ಮೂವತ್ತು ಜನರೊಳಗಾದರೆ ಮೈಕೇ ಬೇಡ. ಕರೆಂಟು ಹೋಗುವ ಊರು ನಮ್ಮದು. ಬ್ಯಾಟರಿಯ ಸ್ಪೀಕರ್, ಬ್ಯಾಟರಿಯ ಓದುದೀಪ ಇದ್ದರೆ ಕಾರ್ಯಕ್ರಮ ನಿಲ್ಲುವುದಿಲ್ಲ.

ದುಡಿ ಎಂಬ ಪುಟ್ಟ ವಾದ್ಯ ಬಾರಿಸುತ್ತ ಹಾಡುವ ಕೊಡವರ ದುಡಿಕೊಟ್ಟ್ ಪಾಟ್ ಹಾಡಿಸಬೇಕೆಂದು ಖಂಡಿತ ಅನ್ನಿಸುತ್ತದೆ, ಅನ್ನಿಸಬೇಕು. ನಾಲ್ವರಲ್ಲಿ ಇಬ್ಬರು ಒಂದು ಸಾಲು ಎತ್ತಿಕೊಂಡು ಇನ್ನಿಬ್ಬರು ಅದನ್ನು ಹಿಡಿಯುವ ಆ ಕ್ರಮ ಓದಿಗಿಂತ ಹಳೆಯ ಸಾಹಿತ್ಯ. ದುಡಿಯ ಜೊತೆ ಹಾಡುವುದನ್ನು ಅಂಗಳದಲ್ಲಿ ಇಟ್ಟುಕೊಳ್ಳಿ. ಕೊಂಬು, ಕೊಟ್ಟು, ವಾಲಗ ಗ್ಯಾಲರಿಯೊಳಗೆ ಬಂದರೆ ಗಾಜು ಕಂಪಿಸಿ, ಹಲಗೆಯ ಮೇಲಿನ ಸಣ್ಣ ವಸ್ತುಗಳು ಇಷ್ಟಿಷ್ಟೇ ಜರುಗುತ್ತವೆ.

ಭಾಷೆಯಲ್ಲಿ ನಮ್ಮ ಜಿಲ್ಲೆ ಶ್ರೀಮಂತ. ಒಂದೇ ಸಾಲಿನಲ್ಲಿ ಕೊಡವ, ಅರೆಭಾಷೆ, ಎರವ, ಬ್ಯಾರಿ, ಮಲಯಾಳ, ತುಳು ಆಡುವವರು ಕೂತಿರುತ್ತಾರೆ. ಸಾಲಿಗೊಂದು ಅನುವಾದ ಹೇಳಿಸಬೇಡಿ. ಹೊತ್ತು ಎರಡರಷ್ಟಾಗುತ್ತದೆ, ಪದ್ಯದ ಉಸಿರು ತುಂಡಾಗುತ್ತದೆ. ಓದುವ ಮುಂಚೆ ಎರಡು ವಾಕ್ಯದಲ್ಲಿ ಸಾರ ಹೇಳಿ, ಮೂಲವನ್ನು ಪೂರ್ತಿ ಓದಿಸಿ, ಕನ್ನಡ ಅನುವಾದವನ್ನು ಕೈಹಾಳೆಯಲ್ಲಿ ಕೊಡಿ. ನಡಿಕೇರಿಯಂಡ ಚಿಣ್ಣಪ್ಪ 1924ರ ಪಟ್ಟೋಲೆ ಪಳಮೆಯಲ್ಲಿ ಕೊಡವ ಹಾಡುಗಳನ್ನು ಕನ್ನಡ ಲಿಪಿಯಲ್ಲೇ ಹಿಡಿದಿಟ್ಟರು. ಹಾಗಾಗಿ ಕೈಹಾಳೆಯಲ್ಲಿ ಎಡಕ್ಕೆ ಕೊಡವ, ಬಲಕ್ಕೆ ಕನ್ನಡ, ಎರಡೂ ಒಂದೇ ಲಿಪಿ. ಕೇಳುಗರ ಕಣ್ಣು ತಾನಾಗಿ ಎರಡನ್ನೂ ಜೋಡಿಸಿಕೊಳ್ಳುತ್ತದೆ. ಚೀನದ ಅಥವಾ ಜಪಾನಿನ ಪದ್ಯವಿರುವ ಚಿತ್ರಕ್ಕೂ ಇದೇ ದಾರಿ. ನಾಲ್ಕು ಸಾಲು, ಇಪ್ಪತ್ತು ಅಕ್ಷರದ ಚೀನೀ ಪದ್ಯವನ್ನು ಆ ಭಾಷೆಯವರ ಧ್ವನಿಮುದ್ರಣದಲ್ಲಿ ಕೇಳಿಸಲು ಅರ್ಧ ನಿಮಿಷ ಸಾಕು.

ಪ್ರಶ್ನೆಯ ಹೊತ್ತಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಈ ವಸ್ತು ಇಲ್ಲಿಗೆ ಹೇಗೆ ಬಂತು? ಆ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಬೇಡಿ. ನಾನು ಮೊದಲು ಹೇಳಿದ ಸಾನ್ ಫ್ರಾನ್ಸಿಸ್ಕೋ ಮ್ಯೂಸಿಯಮ್ಮಿನಲ್ಲಿದ್ದ ಎರಡು ಮರಳುಗಲ್ಲಿನ ದ್ವಾರಪಟ್ಟಿಗಳು 2021ರಲ್ಲಿ ಥಾಯ್ಲೆಂಡಿಗೆ ಮರಳಿದವು. ಅಲ್ಲಿಯ ದೇಗುಲಗಳಿಂದ ಕದ್ದವು ಅವು. ನಮ್ಮ ಒಡಿಕತ್ತಿ, ಪೀಚೆಕತ್ತಿಗಳು ಹೊರದೇಶದ ಸಂಗ್ರಹಗಳಲ್ಲಿವೆ. ಹಾಗೆಯೇ ಇಲ್ಲಿಯ ಪೆಟ್ಟಿಗೆಯಲ್ಲಿರುವ ಮೂರ್ತಿ ಯಾವುದೋ ಹಳ್ಳಿಯ ಬಸದಿಯದೋ ಗುಡಿಯದೋ ಇರಬಹುದು. ಆ ಊರಿನವರು ಸಭೆಯಲ್ಲೇ ಇರಬಹುದು. ನೋಂದಣಿ ಪುಸ್ತಕದಲ್ಲಿ ಎಲ್ಲಿಂದ, ಯಾವಾಗ, ಯಾರಿಂದ ಎಂದು ಬರೆದಿರುವುದನ್ನು ಕ್ಯುರೇಟರ್ ಮುಂಚೆಯೇ ನೋಡಿಕೊಂಡು ಬರಲಿ. ಬರೆದಿಲ್ಲದಿದ್ದರೆ ಬರೆದಿಲ್ಲ ಎಂದೇ ಹೇಳಲಿ. ಲೇಖಕರಿಗೂ ಇದನ್ನು ಮೊದಲೇ ತಿಳಿಸಿ, ಅವರ ಮಾತು ಇದರಿಂದ ಆಳವಾಗುತ್ತದೆ.

ಪುಸ್ತಕ ಮಾರಾಟ ಹೊರ ಜಗಲಿಯಲ್ಲಿ. ಐವತ್ತು ಜನಕ್ಕೆ ಹದಿನೈದು ಇಪ್ಪತ್ತು ಪ್ರತಿ ತಂದರೆ ಸಾಕು, ಉಳಿದದ್ದನ್ನು ಹಿಂದಿರುಗಿಸುವ ಮಾತಿನ ಮೇಲೆ. ಹಸ್ತಾಕ್ಷರವೂ ಅಲ್ಲೇ, ಯಾಕೆಂದರೆ ಗ್ಯಾಲರಿಯೊಳಗೆ ಶಾಯಿಯ ಪೆನ್ನು ಬಾರದು, ಟಿಪ್ಪಣಿಗೆ ಪೆನ್ಸಿಲ್ ಮಾತ್ರ. ಒಂದು ಡಬ್ಬಿ ಪೆನ್ಸಿಲ್ ಬಾಗಿಲಲ್ಲಿ ಇಟ್ಟರೆ ಯಾರಿಗೂ ಬೇಸರವಿಲ್ಲ.

ಜನ ಹೋದ ಮೇಲೆ ಅರ್ಧ ಗಂಟೆ ಕೆಲಸವಿದೆ. ಗಾಜಿನ ಮೇಲಿನ ಬೆರಳ ಗುರುತನ್ನು ಮೆತ್ತನೆ ಬಟ್ಟೆಗೆ ದ್ರಾವಣ ಹಾಕಿಕೊಂಡು ಒರೆಸಿ. ಗಾಜಿನ ಮೇಲೇ ಸಿಂಪಡಿಸಿದರೆ ಅದು ಸಂದಿಯಿಂದ ಒಳಗೆ ಇಳಿಯುತ್ತದೆ. ಹೈಗ್ರೋಮೀಟರನ್ನು ಮರುದಿನ ಬೆಳಿಗ್ಗೆ ಇನ್ನೊಮ್ಮೆ ನೋಡಿ. ಆಮೇಲೆ ಧ್ವನಿಮುದ್ರಣದ ಕಡತಕ್ಕೆ ಹೆಸರಿಡುವಾಗ ಲೇಖಕರ ಹೆಸರಿನ ಜೊತೆ ವಸ್ತುವಿನ ನೋಂದಣಿ ಸಂಖ್ಯೆಯನ್ನೂ ಬರೆಯಿರಿ. ನೋಂದಣಿ ಪುಸ್ತಕದಲ್ಲಿ ಆ ಕಲ್ಲಿನ ಪುಟದಲ್ಲೂ ಒಂದು ಸಾಲು ಸೇರಲಿ: ಇಂಥ ದಿನ ಇದರ ಮುಂದೆ ಇಂಥವರು ಇಂಥ ಬರಹ ಓದಿದರು. ಉದ್ದ, ಅಗಲ, ಸಿಕ್ಕ ಸ್ಥಳ ಬರೆದಿರುವ ಕಡೆಯೇ, ಅದರ ಕೆಳಗೆ.